ಬಿದ್ದಾಗ ಮಾತ್ರ ಮಾತಾಡಿಸುವ ಕಿಟಕಿಗೆ

ಮಾನ್ಯ ಕ್ಷಮಾಪಣೆ ಕಿಟಕಿಯವರೇ,

ಬಳ್ಳಾರಿ ಕೌಲ್‌ಬಜಾರಿನಲ್ಲಿ ಜೀನ್ಸ್ ಹೊಲಿಸುವ ಮೈಲಾರಪ್ಪನ ಸಾಷ್ಟಾಂಗ ನಮಸ್ಕಾರಗಳು. ಪ್ಯಾಂಟಿನ ತುಂಡುಗಳನ್ನು ಬಟ್ಟೆಯ ಮೇಲೆ ಹೊಂದಿಸಿಕೊಡುವ ನಮ್ಮ ತಂತ್ರಾಂಶ ಕುಸಿದು ಬಿದ್ದಾಗಲೆಲ್ಲ ತಾವು ತೆರೆಯ ಮೇಲೆ ಎದ್ದು ಬಂದು, ಕ್ಷಮೆ ಕೇಳಿ, 'ಆಗ ನೀವು ಏನು ಮಾಡುತ್ತಿದ್ದಿರಿ?' ಎಂದು ವಿಚಾರಿಸುತ್ತೀರಿ. ಇಷ್ಟು ವಿನಯವನ್ನು ನಾನು ನಮ್ಮ ಬೀಗರಲ್ಲೂ ಕಂಡಿಲ್ಲ.

ಆದರೆ ಪ್ರಶ್ನೆ ಮಾತ್ರ ಠಾಣೆಯಲ್ಲಿ ಕೇಳಿದಂತಿದೆ. ಹಾಗಾಗಿ ಪ್ರತಿ ಸಲವೂ 'ನಾನೇನೂ ಮಾಡಿಲ್ಲ' ಎಂದು ಬರೆದು ಕಳಿಸಿ, ಯಾರಾದರೂ ಬಂದು ಸರಿಮಾಡುತ್ತಾರೆಂದು ಚಹಾ ತರಿಸಿಟ್ಟು ಕಾದೆ. ಸಿರುಗುಪ್ಪ, ಕುರುಗೋಡುಗಳಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ತಿಪ್ಪೇರುದ್ರಪ್ಪನವರ ಆರ್ಡರ್ ತೆರೆದರೆ ಸಾಕು, ತಂತ್ರಾಂಶ ನೆಲ ಕಚ್ಚುತ್ತಿತ್ತು. ಸೋಮವಾರದೊಳಗೆ ಮಾಲು ಮುಟ್ಟದಿದ್ದರೆ ಆರ್ಡರು ಎದುರಿನ ಶೆಡ್ಡಿಗೆ ಹೋಗುತ್ತದೆಂದು ಅವರು ಹೇಳಿಯಾಗಿತ್ತು. ಮಾಲು ಎಲ್ಲಿಗೆ ಬಂತೆಂದು ಖುದ್ದು ನೋಡಲು ಬಂದ ಅವರು ತೆರೆಯ ಮೇಲಿದ್ದ ನನ್ನ ವರದಿಯನ್ನೂ ಓದಿಬಿಟ್ಟರು.

“ಅಲ್ಲಲೇ ಮೈಲಾರಿ, ನಾನು ಹರಿದ ಪ್ಯಾಂಟ್ ವಾಪಸ್ ತಂದ್ರ, ಕುಂತಾಗ ಹರೀತೋ ಗಾಡಿ ಹತ್ತುವಾಗ ಹರೀತೋ ಅಂತ ವಕೀಲರಂಗ ಕೇಳ್ತಿ. ಇಲ್ಲಿ ನೋಡಿದ್ರ ಏನೂ ಮಾಡಿಲ್ಲ ಅಂತ ಬರ್ದೀಯಲ್ಲ.”

ಕೇಳುತ್ತೇನೆ, ನಿಜ. 'ಹರಿದಿದೆ' ಎಂದಷ್ಟೇ ಚೀಟಿ ಅಂಟಿಸಿಕೊಂಡು ಬಂದ ಪ್ಯಾಂಟಿನಿಂದ ಯಾವ ದರ್ಜಿ ಏನು ಕಲಿತಾನು ಎಂದು ಬಜಾರಿಗೆಲ್ಲ ಭಾಷಣ ಮಾಡಿದವನು ನಾನೇ.

ಆದ್ದರಿಂದ ಮರ್ಯಾದೆ ಬದಿಗಿಟ್ಟು ಬರೆದೆ: ಹಿಂದಿನ ಜೇಬು ಎಲ್ಲಿ ಕೂರಬೇಕೆಂದು ತೋರಿಸಲು ಒಂದು ಫೋಟೋ ಸೇರಿಸಿದೆ, ಅಂದಿನಿಂದ ಬೀಳುತ್ತಿದೆ, ತೆಗೆಯೋಣವೆಂದರೆ ಆರ್ಡರ್ ತೆರೆಯುವುದೇ ಇಲ್ಲ. ತಮ್ಮ ಕಚೇರಿಯ ಸಂಪದಾ ಮೇಡಂ ಕೂಡಲೇ ಉತ್ತರಿಸಿದರು. ಉಪಯೋಗಕ್ಕೆ ಬಂದ ವರದಿ ಇದೊಂದೇ ಅಂತೆ. ಆ ಫೋಟೋ ಕಳಿಸಿದರೆ ಇಂದೇ ಸರಿಮಾಡುತ್ತಾರಂತೆ.

ಸಂಕಟ ಅಲ್ಲೇ ಇದೆ. ಮಾಡೆಲ್ಲಿನ ಕೂಲಿ ಉಳಿಸಲು ಪ್ಯಾಂಟನ್ನು ನಾನೇ ತೊಟ್ಟು, ಬಗ್ಗಿ, ಹಿಂದಿನಿಂದ ತೆಗೆಸಿಕೊಂಡ ಫೋಟೋ ಅದು. ಬಗ್ಗಿದಾಗ ಹೊಲಿಗೆ ನನ್ನ ಪರ ನಿಲ್ಲಲಿಲ್ಲ.

ಆದಕಾರಣ, ತಾವು ಫೋಟೋ ನೋಡದೆಯೇ ದೋಷ ಹುಡುಕಬೇಕು. ಅದಾಗದಿದ್ದರೆ ಜೇಬನ್ನಷ್ಟೇ ಒಯ್ದು ಮಾಲೀಕನನ್ನು ಬಳ್ಳಾರಿಯಲ್ಲೇ ಬಿಡಬೇಕು. ಮುಂದೆ ಯಾರನ್ನೇ ಆಗಲಿ 'ಏನು ಮಾಡಿದಿರಿ' ಎಂದು ಗದರಿಸದೆ, 'ಎಲ್ಲಿ ಹರಿಯಿತು, ಅದಕ್ಕೆ ಮುಂಚೆ ಹೊಸದಾಗಿ ಏನು ಸೇರಿಸಿದಿರಿ' ಎಂದು ಕೇಳಿ, ನಮ್ಮಿಂದ ಏನೇನು ಹೊತ್ತೊಯ್ಯುತ್ತೀರೆಂದು ಮೊದಲೇ ತೋರಿಸಬೇಕಾಗಿ ವಿನಂತಿ.

ಏನೂ ಮಾಡದ,
ತಮ್ಮ ವಿಶ್ವಾಸಿ,
ಮೈಲಾರಪ್ಪ

ತಾ.ಕ.: ಇಂದು ಶನಿವಾರ, ಬೇರೆ ದಾರಿ ಇಲ್ಲ, ಫೋಟೋ ಲಗತ್ತಿಸಿದ್ದೇನೆ. ನೋಡಿ ಮೇಡಂ ನಕ್ಕರೆ, ನಗುವ ಮುಂಚೆ ಏನು ಮಾಡುತ್ತಿದ್ದರೆಂದು ವಿವರವಾದ ವರದಿ ಕಳಿಸತಕ್ಕದ್ದು. 'ನಾನೇನೂ ಮಾಡಿಲ್ಲ' ಎಂದರೆ ಒಪ್ಪಲಾಗುವುದಿಲ್ಲ.