ನಾನು ಬಗ್ಗಿಸಿದ ಸರಳು

ಹೈಸ್ಕೂಲಿನಲ್ಲಿ ಮಕ್ಕಳಿಗೆ ಮಾವಿನಹಣ್ಣು, ಹೂದಾನಿ ಬರೆಯಲು ಕಲಿಸಿಕೊಂಡಿದ್ದಷ್ಟು ದಿನ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಕಬ್ಬಿಣದ ಸರಳು ಬಗ್ಗಿಸಿ ಅಮೂರ್ತ ಶಿಲ್ಪ ಮಾಡುತ್ತೇನೆಂದು ಹೊರಟೆ ನೋಡಿ, ಅಲ್ಲಿಂದ ಹೋದಲ್ಲೆಲ್ಲ ಒಂದಲ್ಲ ಒಂದು ಆಗುತ್ತಲೇ ಇದೆ. ಮನುಷ್ಯನ ಆಕಾರ ಬೇಡ, ಬರೀ ಗೆರೆ ಬೇಕು, ಆ ಗೆರೆ ಓಡಬೇಕು, ತಿರುಗಬೇಕು ಎಂಬುದು ನನ್ನ ಆಸೆ. ಮೊದಲನೇ ಶಿಲ್ಪ ಒಂದರಿಂದಲೇ ಆದದ್ದು ಇಷ್ಟು.

ಸಮ ಮಾಡಿದ್ದು

ತೆಕ್ಕಟ್ಟೆಯಲ್ಲಿ ಗೇಟು, ಗ್ರಿಲ್ ಮಾಡುವವರೊಬ್ಬರು ತಮ್ಮ ವೆಲ್ಡಿಂಗ್ ಅಂಗಡಿಯ ಮೂಲೆಯಲ್ಲಿ ನನಗೆ ಜಾಗ ಕೊಟ್ಟಿದ್ದರು. ಮೂರು ಭಾನುವಾರ ಕೂತು ಏಳು ಸರಳು ಬಗ್ಗಿಸಿದೆ. ಒಂದೊಂದು ತಿರುವಿಗೂ ಹತ್ತು ಸಲ ದೂರ ನಿಂತು ನೋಡಿದ್ದೆ. ಇನ್ನು ಬೆಸುಗೆ ಹಾಕುವುದಷ್ಟೇ ಬಾಕಿ. ನಾಲ್ಕನೇ ಭಾನುವಾರ ಹೋದರೆ, ಏಳೂ ಸರಳುಗಳು ಪೆನ್ಸಿಲಿನ ಹಾಗೆ ನೆಟ್ಟಗೆ ಗೋಡೆಗೆ ಒರಗಿ ನಿಂತಿವೆ.

ಅಂಗಡಿಯವರು ಕೈ ಒರೆಸಿಕೊಳ್ಳುತ್ತ ಬಂದರು. "ಸರಳೆಲ್ಲ ಬಗ್ಗಿ ಹೋಯಿತ್ತ್ ಟೀಚರೇ. ನೀವೊಬ್ರೇ ಎಷ್ಟಂತ ಸಮ ಮಾಡ್ತ್ರಿ, ನಾನೇ ಮಾಡಿ ಇಟ್ಟಿದ್ದೆ."

ಬೇಕೆಂದೇ ಬಗ್ಗಿಸಿದ್ದು ಎನ್ನದೆ, ಉಪಕಾರವಾಯಿತು ಎಂದು ಹೇಳಿ ಮೊದಲಿನಿಂದ ಬಗ್ಗಿಸಲು ಕೂತೆ. ಅವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ ಹೆಂಡತಿಯ ಹತ್ತಿರ ಹೇಳುವುದು ಕೇಳಿಸಿತು: "ಟೀಚರಿಗೆ ನನ್ನ ಕೆಲ್ಸ ಸಮ ಆಯ್ಲಿಲ್ಲೆ ಕಾಣತ್ತ್."

ಬಸ್ಸಿನಲ್ಲಿ

ಶಿಲ್ಪ ಮುಗಿದಾಗ ನನ್ನ ಭುಜದಷ್ಟು ಎತ್ತರವಿತ್ತು. ನಾವುಂದದ ಮನೆಗೆ ಬಸ್ಸಿನಲ್ಲೇ ಒಯ್ದೆ. ಕಂಡಕ್ಟರ್ ಅದನ್ನು ಹಿಂದಿನ ಬಾಗಿಲ ಹತ್ತಿರ ನಿಲ್ಲಿಸಿ, ಹಗ್ಗದಿಂದ ಬಿಗಿಯಾಗಿ ಕಟ್ಟಿದರು. ನಾನು ಮುಂದೆ ಹೋಗಿ ಕೂತೆ. ಕುಂದಾಪುರದಲ್ಲಿ ಜನ ನುಗ್ಗಿದರು. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ನೋಡಿದರೆ ನನ್ನ ಶಿಲ್ಪಕ್ಕೆ ಐದಾರು ಕೈಗಳು ಅಂಟಿಕೊಂಡಿವೆ. ಒಬ್ಬ ಹೆಂಗಸು, ಮೇಲಿನ ಕಂಬಿ ನಮಗೆ ಎಟುಕುವುದಿಲ್ಲ, ಇಂಥದ್ದೊಂದು ಎಲ್ಲ ಬಸ್ಸಿಗೂ ಹಾಕಿಸಬೇಕು ಎಂದು ಕಂಡಕ್ಟರನ್ನು ಹೊಗಳುತ್ತಿದ್ದಳು. ಅವರೂ ಬೇಡವೆನ್ನದೆ ಹೊಗಳಿಸಿಕೊಳ್ಳುತ್ತಿದ್ದರು.

ನಾವುಂದದಲ್ಲಿ ನಾನು ಹಗ್ಗ ಬಿಚ್ಚಿ, ಹಿಡಿದಿದ್ದವರ ಕೈಗಳನ್ನು ಒಂದೊಂದಾಗಿ ಬಿಡಿಸಿ ಇಳಿಸಿಕೊಂಡೆ. ಬಸ್ಸು ಹೊರಡುವಾಗ ಕಿಟಕಿಯಿಂದ ಅದೇ ಹೆಂಗಸಿನ ದನಿ: "ಹ್ವಾಯ್ ಕಂಡಕ್ಟ್ರೇ, ಬಸ್ಸಿನ ಕಂಬಿ ಕಿತ್ಕಂಡ್ ಹೋತ್ರ್ ಕಾಣಿ."

ಅಬ್ಬಿ ಕಂಡದ್ದು

ನಮ್ಮ ಅಬ್ಬಿ, ಎಂದರೆ ಅಮ್ಮ, ಮೂವತ್ತು ವರ್ಷ ಬುಟ್ಟಿ ಹೊತ್ತು ಮೀನು ಮಾರಿದವಳು. ಬಂಗುಡೆಯ ಕಣ್ಣು ನೋಡಿಯೇ ಅದು ಯಾವತ್ತು ಹಿಡಿದದ್ದು ಎಂದು ಹೇಳುತ್ತಾಳೆ. ಅಂಥ ಕಣ್ಣಿನ ಎದುರು ನನ್ನ ಶಿಲ್ಪ ನಿಲ್ಲಿಸುವಾಗ ನಿಜಕ್ಕೂ ಹೆದರಿಕೆಯಾಗಿತ್ತು. ಇದು ಎಂತದು ಎಂದು ಕೇಳಿದಳು. ವಸ್ತು ಅಲ್ಲ ಅಬ್ಬಿ, ಇದರೊಳಗೆ ಚಲನೆ ಇದೆ, ಸಮಾಧಾನದಲ್ಲಿ ನೋಡಿದರೆ ಕಾಣುತ್ತದೆ ಎಂದು ಹೇಳಿ ನಾನು ಶಾಲೆಯ ಕೆಲಸಕ್ಕೆ ಹೋದೆ.

ಸಂಜೆ ಬಂದರೆ ಅಬ್ಬಿ ಜಗಲಿಯಲ್ಲಿ ಅದರ ಎದುರೇ ಕೂತಿದ್ದಾಳೆ. ಊಟವನ್ನೂ ಅಲ್ಲೇ ಮಾಡಿದ್ದಳಂತೆ. ನಾನು ಚೀಲವನ್ನೂ ಇಳಿಸದೆ ಪಕ್ಕದಲ್ಲಿ ಕೂತು, ಏನಾದರೂ ಕಂಡಿತೇ ಎಂದು ಮೆಲ್ಲಗೆ ಕೇಳಿದೆ.

"ಮಧ್ಯಾಹ್ನದಿಂದ ಕಾಣ್ತಾ ಇದ್ದೆ ಮಗಾ," ಎಂದಳು ಬೇಸರದಲ್ಲಿ. "ಅದ್ ಎಲ್ಲಿಗೂ ಹೋಯ್ಲಿಲ್ಲೆ."

ಎಡಗಾಲು

ಕೊನೆಗೆ ಸಾಲಿಗ್ರಾಮದಲ್ಲಿ ಡ್ರಾಯಿಂಗ್ ಟೀಚರುಗಳ ಪ್ರದರ್ಶನ. ಎರಡು ದಿನ ಜನ ಬಂದರು, ಗಣಪತಿಯ ಚಿತ್ರ ನೋಡಿದರು, ಸೂರ್ಯಾಸ್ತ ನೋಡಿದರು, ನನ್ನ ಶಿಲ್ಪವನ್ನು ನೋಡದೆ ಸುತ್ತುಹಾಕಿ ಬಾಗಿಲಿಗೆ ಹೋದರು. ಇನ್ನು ಇದನ್ನು ಬಿಟ್ಟು ಹೂದಾನಿಗೇ ವಾಪಸು ಹೋಗುವುದು ಎಂದು ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟೆ.

ಆಗ ಬಂದವರು ಒಬ್ಬ ಹಿರಿಯ ಯಕ್ಷಗಾನ ವೇಷಧಾರಿ. ಮೊಣಕಾಲು ನೋವಿನಿಂದ ಮೇಳ ಬಿಟ್ಟವರು. ಶಿಲ್ಪದ ಎದುರು ನಿಂತರು. ಒಂದು ಸುತ್ತು ಬಂದರು, ಮತ್ತೊಂದು ಸುತ್ತು. ಅವರ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು.

"ಧೀಂಗಿಣ ಅಲ್ದಾ?" ಎಂದರು.

ನಾನು ಯಾರಿಗೂ ಹೇಳಿರಲಿಲ್ಲ. ಯಕ್ಷಗಾನದಲ್ಲಿ ವೇಷಧಾರಿ ಹಾರಿ ಹಾರಿ ರಂಗದ ತುಂಬ ಸುತ್ತುವ ಆ ಕುಣಿತ ಗಾಳಿಯಲ್ಲಿ ಬಿಡುವ ಗೆರೆಯನ್ನೇ ನಾನು ಹಿಡಿಯಲು ಹೋದದ್ದು. ಶಿಲ್ಪದ ಕೆಳಗಿನ ಹೆಸರಿನ ಚೀಟಿಯಲ್ಲೂ ಬರೆದಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಹೌದೆಂದು ತಲೆಯಾಡಿಸಿದೆ.

ಅವರು ಇನ್ನೊಮ್ಮೆ ಬಗ್ಗಿ ನೋಡಿ, ಎಲ್ಲ ಒಳ್ಳೆಯದಾಗಿದೆ, ಆದರೆ ಮೂರನೇ ಸುತ್ತಿನಲ್ಲಿ ಎಡಗಾಲು ತಪ್ಪಿದೆ ಎಂದರು. ಇದು ಅಮೂರ್ತ ಶಿಲ್ಪ, ಇದರಲ್ಲಿ ತಲೆಯಾಗಲಿ ಕೈಕಾಲಾಗಲಿ ಇಲ್ಲವೇ ಇಲ್ಲ ಎಂದು ನಾನು ವಿನಯದಿಂದಲೇ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಕಾಲ್ ಇಲ್ದೇ ಇಪ್ಪುದ್ ತಪ್ಪಲ್ಲ ಟೀಚರೇ," ಎಂದರು. "ಅದ್ ಇಲ್ದೇ ಇದ್ರೂ ಹೆಜ್ಜೆ ಬಿದ್ದದ್ ತಾಳ ತಪ್ಪಿ."