ಹೊಸ ಆಲ್ಬಮ್ಮೂ ಮೂರು ಕರಿ ಅಂಗಿಗಳೂ

ಎರಡೂ ಕಡೆಯವರಿಗೆ ‘ಹೌದೌದು’ ಎನ್ನುವ ಗುಣ ನನಗೆ ಹುಟ್ಟಿನಿಂದ ಬಂದದ್ದೋ, ಗೋಕಾಕದ ನನ್ನ ಔಷಧಿ ಅಂಗಡಿಯಲ್ಲಿ ನಿಂತು ನಿಂತು ಬಂದದ್ದೋ ಹೇಳಲಾರೆ. ಕೆಮ್ಮು ಹೆಚ್ಚಾಗಿದೆ ಎಂದವರಿಗೂ ಹೌದು, ಔಷಧಿಯಿಂದಲೇ ಹೆಚ್ಚಾಯಿತು ಎಂದವರಿಗೂ ಹೌದು. ಇದರಿಂದ ನನಗೆ ವೈರಿಗಳಿಲ್ಲ. “ನಿಮಗ ವೈರಿಗೋಳು ಇಲ್ಲಂತ ತಿಳೀಬ್ಯಾಡ್ರಿ, ನಿಮ್ಮ ಮಾತು ಯಾರೂ ಲೆಕ್ಕಕ್ಕ ಹಿಡಿಯಾಂಗಿಲ್ಲ ಅಷ್ಟ” ಎಂದು ನನ್ನ ಹೆಂಡತಿ ಸುವರ್ಣಾ ಹೇಳುವುದುಂಟು. ಅದಕ್ಕೂ ನಾನು ಹೌದೌದು ಎಂದಿದ್ದೇನೆ. ಈ ಗುಣ ದೇವರ ವಾದದಲ್ಲಿ, ಚುನಾವಣೆಯ ವಾದದಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಆದರೆ ಪ್ರಾಯದಲ್ಲಿ ಮೆಚ್ಚಿದ ಬ್ಯಾಂಡೊಂದು ಮುಪ್ಪಿನಲ್ಲಿ ಹೊಸ ಆಲ್ಬಮ್ ತಂದಿತೆನ್ನಿ, ಅಲ್ಲಿ ಮಾತ್ರ ನಡೆಯುವುದಿಲ್ಲ.

ಬ್ಯಾಂಡಿನ ಹೆಸರು ಬೇಡ. ದೂರದೇಶದ ಹಾರ್ಡ್ ರಾಕ್ ಮಂದಿ ಎಂದಿಟ್ಟುಕೊಳ್ಳಿ. ಗಿಟಾರು, ಡ್ರಮ್ಮು, ನಡುವೆ ಒಬ್ಬ ಗಂಟಲು ಹರಿಯುವಂತೆ ಕೂಗುವವನು. ಹಾಸ್ಟೆಲಿನಲ್ಲಿದ್ದಾಗ ಹುಕ್ಕೇರಿಯ ರಾಜೇಸಾಬನಿಗೆ ಪುಣೆಯ ಸೋದರಮಾವ ಒಂದು ಕ್ಯಾಸೆಟ್ ಕೊಟ್ಟಿದ್ದ. ಅದನ್ನು ಅವನೂ, ಮೂಡಲಗಿಯ ಬಾಳಪ್ಪನೂ, ನಾನೂ ಟೇಪು ಸವೆಯುವ ತನಕ ಕೇಳಿದೆವು. ಒಂದು ಶಬ್ದವೂ ತಿಳಿಯುತ್ತಿರಲಿಲ್ಲ. ತಿಳಿದಿದ್ದರೆ ಅಷ್ಟು ಭಕ್ತಿ ಹುಟ್ಟುತ್ತಿತ್ತೋ ಇಲ್ಲವೋ. ರಜೆಯಲ್ಲಿ ಮನೆಗೆ ತಂದು ಹಾಕಿದಾಗ ಅಜ್ಜಿ ಒಲೆಯ ಮುಂದಿನಿಂದ ಎದ್ದು ಬಂದು, “ಯಾರ ಮಗಾನೋ ಅಂವಾ, ಹಿಂಗ್ಯಾಕ ಒದರಾಕತ್ತಾನ? ಹೊಟ್ಟಿಬ್ಯಾನಿ ಇದ್ದೀತು, ಒಂದೀಟು ಅಜವಾನ ಕೊಡು” ಎಂದಿದ್ದಳು. ನಾನು ಔಷಧಿ ವ್ಯಾಪಾರಕ್ಕೆ ಇಳಿದದ್ದು ಅಲ್ಲಿಂದಲೇ ಇರಬೇಕು.

ಅಂದಿನಿಂದ ನಮ್ಮದೊಂದು ಪದ್ಧತಿ ಬೆಳೆಯಿತು. ರಾಜೇಸಾಬ ಈಗ ಹುಕ್ಕೇರಿಯಲ್ಲಿ ಹೆಸರಾದ ದರ್ಜಿ. ಮೂವರಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಒಂದೇ ಥಾನಿನ ಬಟ್ಟೆಯಲ್ಲಿ ಮೂವರಿಗೂ ಕರಿ ಅಂಗಿ ಹೊಲಿಯುತ್ತಾನೆ, ನಮ್ಮ ಬ್ಯಾಂಡಿನವರು ತೊಡುತ್ತಿದ್ದಂಥದ್ದು. ಮದುವೆಯ ಮನೆಯಲ್ಲಿ ಕರಿ ಬಟ್ಟೆಯೇ ಎಂದು ಮೂರೂ ಮನೆಯ ಹೆಂಗಸರು ಬೈದು ಬೈದು ಸುಸ್ತಾಗಿದ್ದಾರೆ. ಈ ಸಲ ರಾಜೇಸಾಬನ ಮಗಳು ರುಬೀನಾಳ ಶಾದಿ. ಹುಡುಗಿಯನ್ನು ತೊಟ್ಟಿಲಿನಿಂದ ಎತ್ತಿ ಆಡಿಸಿದವನು ಬಾಳಪ್ಪ. ಶಾದಿಯ ದಿನ ಬಾಗಿಲಲ್ಲಿ ನಿಂತು ಬಂದವರನ್ನು ‘ಬರ್ರಿ ಬರ್ರಿ’ ಎಂದು ಕರೆಯುವವನೂ ಅವನೇ ಎಂದು ನಿಶ್ಚಯವಾಗಿತ್ತು. ಸರಿಯಾಗಿ ಅದೇ ವಾರ ಆಲ್ಬಮ್ ಬಂದು ಮೊಬೈಲಿಗೆ ಬಿತ್ತು.

ನಮ್ಮ ಮೂವರ ಮೊಬೈಲ್ ಗುಂಪಿನಲ್ಲಿ ಮೊದಲು ಬಾಯಿಬಿಟ್ಟವನು ರಾಜೇಸಾಬ. “ಗಿಟಾರದವನ ಕೈಯಾಗ ಜೀವಾನ ಇಲ್ಲ. ಹಾಡವಂಗ ನಡುವ ನಡುವ ಉಸುರು ಹತ್ತತೈತಿ. ಇವ್ರು ಮನ್ಯಾಗ ಮೊಮ್ಮಕ್ಕಳನ್ನ ಆಡಿಸ್ಕೋತ ಕುಂತಿದ್ರ ಚಲೋ ಇತ್ತು.” ಬಾಳಪ್ಪ ಸಿಡಿಮಿಡಿಗೊಂಡೇ ಉತ್ತರಿಸಿದ: “ಹಾಡವ ಹುಲಿ ಆಗ್ಯಾನಲೇ ಹುಲಿ! ಗುಂಡಿ ಹಚ್ಚವಂಗ ಏನ್ ತಿಳೀಬೇಕು ಸಂಗೀತ?” ದರ್ಜಿಗೆ ಗುಂಡಿಯ ಮಾತು ಆಡಬಾರದಿತ್ತು. ರಾಜೇಸಾಬ ಗುಂಪಿನಿಂದ ಹೊರಬಿದ್ದ. ಬಾಳಪ್ಪ ನನಗೆ ಫೋನ್ ಮಾಡಿ, “ಆ ಅಂಗಿನೂ ಬ್ಯಾಡ, ಶಾದಿಗೂ ಬರಾಂಗಿಲ್ಲ, ಹೇಳಿಬಿಡು” ಎಂದ. ನಾನು ಹೌದೌದು ಎಂದೆ. ರಾಜೇಸಾಬ ಫೋನ್ ಮಾಡಿ, “ಅವನ ಅಂಗಿ ಅರ್ಧಕ್ಕ ನಿಲ್ಲಿಸೀನಿ, ಬರೇ ತೋಳ ಹಚ್ಚೋದು ಉಳದಿತ್ತು” ಎಂದ. ಅದಕ್ಕೂ ಹೌದೌದು.

ಕೊನೆಗೆ ಬಂದದ್ದು ರುಬೀನಾಳ ಫೋನು. “ಈರಣ್ಣ ಕಾಕಾ, ಬಾಳು ಕಾಕಾ ಬಾಗಲದಾಗ ನಿಲ್ಲಲಿಲ್ಲಂದ್ರ ನಾ ಸ್ಟೇಜ್ ಮ್ಯಾಲ ಕುಂದ್ರಾಂಗಿಲ್ಲ. ನಿಮ್ಮ ಮುದುಕರ ಬ್ಯಾಂಡ್ ಸಲುವಾಗಿ ನನ್ನ ಶಾದಿ ಯಾಕ ಕೆಡಸ್ತೀರಿ?” ಇದಕ್ಕೆ ಹೌದೌದು ಎಂದರೆ ಸಾಲದೆಂದು ನನಗೂ ತಿಳಿಯಿತು.

ಅಂಗಡಿಯನ್ನು ಸುವರ್ಣಾಗೆ ಒಪ್ಪಿಸಿ ಹುಕ್ಕೇರಿಗೆ ಹೋದೆ. ರಾಜೇಸಾಬ ಮಷೀನಿನ ಮುಂದೆ ಕುಳಿತು ಆಲ್ಬಮ್ ಕೇಳುತ್ತಲೇ ಇದ್ದ. ಕೇಳಬೇಡವೆಂದರೂ ಕೇಳುವುದೇ ಅಭಿಮಾನಿಯ ಲಕ್ಷಣ. ಇಯರ್‌ಫೋನಿನ ಒಂದು ತುದಿ ಎಡಗಿವಿಯಲ್ಲಿ, ಇನ್ನೊಂದು ಕೊರಳಿನ ಅಳತೆ ಟೇಪಿನ ಜೊತೆ ಎದೆಯ ಮೇಲೆ ತೂಗಾಡುತ್ತಿತ್ತು. “ಬಲಗಿವಿ ಗಿರಾಕಿಗೆ” ಎಂದ. ಮರುದಿನ ಮೂಡಲಗಿಗೆ ಹೋದರೆ ಬಾಳಪ್ಪ ಕಬ್ಬಿನ ಟ್ರ್ಯಾಕ್ಟರ್ ಮೇಲಿದ್ದ. ನಮ್ಮ ಕಡೆಯ ಕಬ್ಬಿನ ಟ್ರ್ಯಾಕ್ಟರ್ ನೋಡಿದವರಿಗೆ ಗೊತ್ತು: ಎಂಜಿನ್ ಚಿಕ್ಕದು, ಸೌಂಡ್ ಬಾಕ್ಸ್ ದೊಡ್ಡದು. ಬಾಳಪ್ಪ ಎದೆಗೆ ಗುದ್ದುವ ಬೇಸ್ ಸದ್ದನ್ನು ತುದಿಯವರೆಗೆ ಏರಿಸಿ, ಎಂಜಿನ್ ಚಾಲೂ ಇಟ್ಟೇ ಆಲ್ಬಮ್ ಹಾಕಿದ್ದ. ನನ್ನ ಎದೆಯೊಳಗೆ ಯಾರೋ ಅಕ್ಕಿ ಕುಟ್ಟಿದಂತಾಯಿತು. ಹಾಡುವವನು ಇದ್ದನೋ ಇಲ್ಲವೋ ದೇವರೇ ಬಲ್ಲ. “ಹುಲಿ ಹೌದಲ್ಲೋ?” ಎಂದು ಬಾಳಪ್ಪ ಒದರಿದ. ನಾನು ತಲೆಯಾಡಿಸಿದೆ, ತಲೆ ಹೇಗೂ ತಾನಾಗಿಯೇ ಆಡುತ್ತಿತ್ತು.

ಜಗಳದ ಮೂಲ ಆಗ ಹೊಳೆಯಿತು. ಒಬ್ಬ ಅರ್ಧ ಕಿವಿಯಲ್ಲಿ ಕೇಳಿದ್ದಾನೆ, ಇನ್ನೊಬ್ಬ ಎದೆಗೂಡಿನಲ್ಲಿ ಕೇಳಿದ್ದಾನೆ. ಮರುದಿನ ಕಬ್ಬು ಇಳಿಸಿ ಬರುವಾಗ ಕಲ್ಲೋಳಿಯ ಹೊರಗಿನ ಬೇವಿನ ಮರದ ಕೆಳಗೆ ಟ್ರ್ಯಾಕ್ಟರ್ ನಿಲ್ಲಿಸಲು ಬಾಳಪ್ಪನಿಗೆ ಹೇಳಿದೆ. ರಾಜೇಸಾಬನನ್ನು ರುಬೀನಾಳ ಆಣೆ ಹಾಕಿ ಬೈಕಿನ ಹಿಂದೆ ಕೂರಿಸಿ ತಂದೆ. ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಮುಖಮಾಡಿ ನಿಂತರು. ಎಂಜಿನ್ ಬಂದ್ ಮಾಡಿಸಿದೆ, ಬೇಸ್ ಇಳಿಸಿದೆ, ಮೊದಲ ಹಾಡು ಹಚ್ಚಿಸಿದೆ.

ಸ್ವಲ್ಪ ಹೊತ್ತಿಗೆ ರಾಜೇಸಾಬ ಗಕ್ಕನೆ ತಿರುಗಿದ. “ಲೇ, ಗಿಟಾರ್ ಐತಲ್ಲೋ! ಎಲ್ಲಿ ಅಡಗಿತ್ತೋ ಇದು?” ಅದು ಇಷ್ಟು ದಿನವೂ ಅವನ ಎದೆಯ ಮೇಲೆ ತೂಗಾಡುತ್ತಿತ್ತು, ಕೇಳುವವರಿರಲಿಲ್ಲ. ಅತ್ತ ಬಾಳಪ್ಪನ ಮುಖ ಇಳಿಯಿತು. “ಪಾಪ, ಖರೇನ ಉಸುರು ಹತ್ತೇತಿ ಅವಂಗ” ಎಂದು ಮೆಲ್ಲಗೆ ನುಡಿದ.

“ಉಸುರು ಹತ್ತಿದ್ರೇನಾತು? ನೀ ಟ್ರ್ಯಾಕ್ಟರ್ ಏರಬೇಕಾದ್ರ ಹತ್ತೂದಿಲ್ಲನು?” ಎಂದು ರಾಜೇಸಾಬ ರೇಗಿದ.

“ನೀನ ಅಲ್ಲನೋ ಮೊಮ್ಮಕ್ಕಳನ್ನ ಆಡಸ್ರಿ ಅಂದಾಂವ?”

ಪಕ್ಷ ಬದಲಾಯಿತು, ಜಗಳ ಹಾಗೇ ಉಳಿಯಿತು. ಇನ್ನೇನು ಮತ್ತೆ ಗುಂಡಿಯ ಮಾತು ಬರಬೇಕು, ಇಬ್ಬರೂ ಒಮ್ಮೆಲೇ ನನ್ನ ಕಡೆ ತಿರುಗಿದರು. “ನೀ ಹೇಳೋ ಈರಣ್ಣಾ. ನಿನಗ ಹೆಂಗನಸ್ತು?”

ನಾನು ಗಂಟಲು ಸರಿಮಾಡಿಕೊಂಡು ಗಂಭೀರವಾಗಿ ಹೇಳಿದೆ: “ಇಬ್ಬರದೂ ಹೌದು. ಆದ್ರ ಆ ಮೂರನೇದು ಐತಲ್ಲ, ಅದನ್ನ ಏನ್ ಹಾಡ್ಯಾನೋ ಅಂವಾ!”

ಬಾಳಪ್ಪ ರಾಜೇಸಾಬನನ್ನು ನೋಡಿದ. ರಾಜೇಸಾಬ ಬಾಳಪ್ಪನನ್ನು ನೋಡಿದ. ಅಷ್ಟು ದಿನದ ಮೇಲೆ ಅವರು ಒಬ್ಬರ ಮುಖ ಒಬ್ಬರು ನೋಡಿದ್ದು ಅದೇ ಮೊದಲು.

“ಮೂರನೇದ್ರಾಗ ಹಾಡವನ ಇಲ್ಲಲೇ” ಎಂದ ಬಾಳಪ್ಪ. “ಬರೇ ಬಾಜಾ ಐತಿ.”

“ಇಂವಾ ಕೇಳೇ ಇಲ್ಲ ಬಾಳ್ಯಾ!” ಎಂದ ರಾಜೇಸಾಬ.

ಕೇಳಿರಲಿಲ್ಲ, ನಿಜ. ಈಗ ಹಚ್ಚಿದ ಮೊದಲ ಹಾಡಿನಲ್ಲೂ ನನ್ನ ಲಕ್ಷ್ಯವೆಲ್ಲ ಇವರಿಬ್ಬರ ಮುಖದ ಮೇಲಿತ್ತು. ಇಂದು ಹುಕ್ಕೇರಿ, ನಾಳೆ ಮೂಡಲಗಿ ಎಂದು ಸಂಧಾನಕ್ಕೆ ಓಡಾಡಿದವನಿಗೆ ಪುರುಸೊತ್ತೆಲ್ಲಿ? ಇನ್ನೂ ನಿಜ ಹೇಳಬೇಕೆಂದರೆ, ಹಾಡುವವನ ದನಿ ಮುಪ್ಪಾಗಿದ್ದರೆ ಎಂದು ಹೆದರಿಕೆಯೂ ಇತ್ತು. ಇದನ್ನೆಲ್ಲ ಹೇಳಲು ಅವರು ಬಿಡಲಿಲ್ಲ. ಒಬ್ಬ ರಟ್ಟೆ ಹಿಡಿದ, ಇನ್ನೊಬ್ಬ ಸೊಂಟ ಹಿಡಿದ. ನನ್ನನ್ನು ಎತ್ತಿ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ, ಎರಡು ಬಾಕ್ಸುಗಳ ನಡುವೆ ಕೂರಿಸಿದರು. ಮೊದಲಿನಿಂದ ಹಚ್ಚಿದರು. ಕೆಳಗೆ ನೆರಳಿನಲ್ಲಿ ರಾಜೇಸಾಬ ಟೇಪು ತೆಗೆದು ಬಾಳಪ್ಪನ ತೋಳು ಅಳೆಯುತ್ತ, “ಹೊಟ್ಟಿ ಬ್ಯಾರೆ ಮುಂದ ಬಂದೈತಿ, ಎಲ್ಲಾ ಬಿಚ್ಚಿ ಹೊಲೀಬೇಕು ನಿನ್ನ ಸಲುವಾಗಿ” ಎಂದು ಗೊಣಗುತ್ತಿದ್ದ. ಬಾಳಪ್ಪ ಕೈ ಚಾಚಿಕೊಂಡು ಮದುಮಗನಂತೆ ನಿಂತಿದ್ದ.

ನಾನು ಪೂರಾ ಕೇಳಿದೆ. ಹಾಡುವವನಿಗೆ ಉಸಿರು ಹತ್ತುತ್ತಿತ್ತು, ಹೌದು. ಆದರೆ ಪ್ರತಿ ಸಲವೂ ಅವನು ಉಸಿರು ಎಳೆದುಕೊಂಡು ಮತ್ತೆ ಬರುತ್ತಿದ್ದ, ಮೊದಲಿಗಿಂತ ಜೋರಾಗಿ. ನನ್ನ ಕಣ್ಣು ಒದ್ದೆಯಾದವು. ಕೆಳಗಿಳಿದು, ಯಾರೂ ಕೇಳದೆಯೇ, “ಭಾಳ ಚಲೋ ಐತಿ” ಎಂದೆ.

ಎರಡೂ ಕಡೆ ನೋಡದೆ, ಪೂರಾ ಮನಸ್ಸಿನಿಂದ ನಾನು ಕೊಟ್ಟ ಮೊದಲ ಅಭಿಪ್ರಾಯವದು. ಇಬ್ಬರೂ ನನ್ನನ್ನು ಒಂದು ಗಳಿಗೆ ನೋಡಿ, ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ಚಹಾದಂಗಡಿಯತ್ತ ಹೊರಟರು. “ಹೌದೌದು” ಎಂದರು, ಇಬ್ಬರೂ ಒಟ್ಟಿಗೆ.