ಕುಲಗೆಟ್ಟ ನನ್ನ ಮತ

ನಮ್ಮ ಮನೆಯ ಕೊನೆಯ ಮಾಮೂಲಿ ದಿನ ಒಂದು ಶುಕ್ರವಾರ. ಉಪ್ಪಿಟ್ಟು ಮಾಡಿದ್ದೆ, ಮಗಳು ಮುಟ್ಟಲಿಲ್ಲ, ನಮ್ಮವರು ಎರಡು ಸಲ ಹಾಕಿಸಿಕೊಂಡರು. ಅಷ್ಟೇ. ಮಾರನೆಯ ದಿನ ಕನ್ನಡ ಕೂಟದವರು ಅವರನ್ನು ಚುನಾವಣಾಧಿಕಾರಿ ಮಾಡಿಬಿಟ್ಟರು! ಹೆಂಡತಿಯ ಮಾತನ್ನು ತಳ್ಳಿಹಾಕಿದ ಗಂಡಂದಿರು ಲೋಕದಲ್ಲಿ ಎಷ್ಟಿಲ್ಲ? ಆದರೆ ಹೆಂಡತಿಯ ಮತವನ್ನು ಸಾಕ್ಷಿಗಳ ಎದುರು, ಕಾರಣ ಕೊಟ್ಟು ತಳ್ಳಿಹಾಕಿದವರು ನಮ್ಮವರೊಬ್ಬರೇ ಇರಬೇಕು.

ಎಂಬತ್ತರ ದಶಕದ ನಡುವಿನ ಮಾತು. ಕೂಟ ತಿಂಗಳಿಗೊಂದು ಶನಿವಾರ ಅಮೆರಿಕದ ಫ್ರೀಮಾಂಟಿನಲ್ಲಿ, ನಮ್ಮ ಅಪಾರ್ಟ್‌ಮೆಂಟಿನಿಂದ ನಡೆದು ಹೋಗುವಷ್ಟು ಹತ್ತಿರದ ಹಾಲಿನಲ್ಲಿ ಸೇರುತ್ತಿತ್ತು. ಉದ್ದನೆಯ ಸೇತುವೆ ದಾಟಿ ಬರಬೇಕಾಗಿದ್ದ ಕೊಲ್ಲಿಯ ಆಚೆಯವರು ಅದನ್ನು ತಮ್ಮ ಕಡೆಯ ಫಾಸ್ಟರ್ ಸಿಟಿಗೆ ಒಯ್ಯಬೇಕೆಂದು ಹಟ ಹಿಡಿದರು. ಸರಿ, ಎಲ್ಲ ಸದಸ್ಯರ ಮತ ಕೇಳಿಯೇ ಬಿಡೋಣ, ಸಮ ಬಂದರೆ ಇದ್ದಲ್ಲೇ ಇರಲಿ ಎಂದಾಯಿತು. ನನಗೆ ಕಾರು ಬಿಡಲು ಬಾರದು, ನಮ್ಮವರಿಗೆ ಶನಿವಾರವೂ ಕೆಲಸ. ಕೂಟ ಸೇತುವೆ ದಾಟಿತೆಂದರೆ, ಆಮೇಲೆ ಇಡೀ ದಿನ ನಾನು ಕನ್ನಡ ಮಾತಾಡಬೇಕಾದದ್ದು ಕುಕ್ಕರಿನ ಜೊತೆಗೆ!

ಈ ಪಟ್ಟ ನಮ್ಮವರಿಗೇ ಯಾಕೆ ಬಂತು ಅನ್ನುತ್ತೀರಾ? ನರಪಿಳ್ಳೆಯಿಲ್ಲದ ರಸ್ತೆಯಲ್ಲೂ ಸ್ಟಾಪ್ ಬೋರ್ಡು ಕಂಡರೆ ನಿಲ್ಲಿಸಿ, ಎಡಕ್ಕೂ ಬಲಕ್ಕೂ ನೋಡಿ, ಹಿಂದಿನವರು ಹಾರನ್ನು ಬಾರಿಸಿದರೆ ಇನ್ನೊಮ್ಮೆ ನೋಡುವ ಮನುಷ್ಯ ಅವರು. ತಾವಿಲ್ಲದಾಗ ಕಟ್ಟಿದ ಪಟ್ಟವಾದರೂ, ಕೆಲಸದಿಂದ ಬಂದವರೇ ನಿಯಮ ಬರೆದರು. ಬೇಕಾದ ಊರಿನ ಮುಂದೆ ಒಂದು ರೈಟ್ ಗುರುತು, ಮತ ಹಾಕಿದವರು ಯಾರೆಂದು ತಿಳಿಸುವ ಬೇರೆ ಯಾವ ಗುರುತೂ ಇರಕೂಡದು. ಎಣಿಸುವವನು ಮತ ಹಾಕಬಾರದೆಂದು ತಮ್ಮ ಮತವನ್ನೂ ಬಿಟ್ಟುಕೊಟ್ಟರು. ಫ್ರೀಮಾಂಟಿಗೆ ಮನೆಯಲ್ಲೇ ಒಂದು ಮತ ಖೋತಾ! ಕುಕ್ಕರ್ ಬಂದಿದ್ದ ರಟ್ಟಿನ ಡಬ್ಬ ಮತಪೆಟ್ಟಿಗೆಯಾಗಿ ಅಡುಗೆಮನೆಯ ಬಾಗಿಲಲ್ಲಿ ಕೂತಿತು. ಅದನ್ನು ಮುಟ್ಟುವಂತಿಲ್ಲ. ಅಕ್ಕಿ ಬೇಕಾದಾಗಲೆಲ್ಲ ನಾನು ಅದಕ್ಕೆ ಪ್ರದಕ್ಷಿಣೆ ಹಾಕುತ್ತಿದ್ದೆ.

ಎಣಿಕೆ ಭಾನುವಾರ ಮಧ್ಯಾಹ್ನ, ನಮ್ಮ ಊಟದ ಮೇಜಿನ ಮೇಲೆ. ಸಾಕ್ಷಿಗೆ ಬಂದವರು ಕೂಟದ ಕಾರ್ಯದರ್ಶಿ, ಉಡುಪಿ ಕಡೆಯ ಡಾಕ್ಟರು. ಅವರ ಮನೆ ಫಾಸ್ಟರ್ ಸಿಟಿಯಲ್ಲಿ.

ಸುಮಾರು ಚೀಟಿಗಳ ನೆತ್ತಿಯ ಮೇಲೆ ‘ಶ್ರೀ’ ಇತ್ತು. ನಮ್ಮವರು ಬಹಳ ಯೋಚಿಸಿ, ನಮ್ಮ ಜನ ಸಾಮಾನಿನ ಚೀಟಿಗೂ ಶ್ರೀಕಾರ ಹಾಕುವವರು, ಅದರಿಂದ ಯಾರ ಗುಟ್ಟೂ ಬಯಲಾಗುವುದಿಲ್ಲ, ಸಿಂಧು ಎಂದರು. ಒಬ್ಬರು ಎರಡೂ ಊರಿಗೆ ಗುರುತು ಹಾಕಿ ‘ಎಲ್ಲಾದರೂ ಸರಿ, ಊಟ ಬಿಸಿ ಇರಲಿ’ ಎಂದು ಬರೆದಿದ್ದರು. ಮತ ಅಸಿಂಧು, ಸಲಹೆ ಸಿಂಧು! ಇನ್ನೊಂದರಲ್ಲಿ ಫಾಸ್ಟರ್ ಸಿಟಿಯ ಮುಂದೆ ದೊಡ್ಡ ಇಂಟು ಗುರುತು. ಇದು ಅಮೆರಿಕದವರ ಹಾಗೆ ಬೇಕು ಅಂತಲೋ, ನಮ್ಮ ಮೇಷ್ಟ್ರುಗಳ ಹಾಗೆ ತಪ್ಪು ಅಂತಲೋ? ನಮ್ಮವರು ಕನ್ನಡಕ ತೆಗೆದು ಒರೆಸಿದರು.

ಡಾಕ್ಟರು ಮೆಲ್ಲಗೆ, “ಬೇಕು ಅಂತಲೇ ಮಾರಾಯ್ರೇ. ಅದು ನಾನೇ ಹಾಕಿದ್ದು,” ಎಂದರು.

“ಹಾಗಾದ್ರೆ ಗುಟ್ಟೂ ಹೋಯ್ತಲ್ಲ ಡಾಕ್ಟ್ರೇ. ಎರಡು ಸಲ ಅಸಿಂಧು.”

ನಾನು ಕಾಫಿ ಸೋಸುತ್ತಾ ಒಳಗೊಳಗೇ ಕುಣಿದೆ. ಫ್ರೀಮಾಂಟಿಗೆ ಒಂದೇ ಮತ ಕಡಿಮೆ, ಉಳಿದದ್ದು ಒಂದೇ ಚೀಟಿ. ಅದು ಫ್ರೀಮಾಂಟಿನದೇ! ಆದರೆ ಅದರ ನಾಲ್ಕು ಮೂಲೆಗೂ ಕುಂಕುಮ ಹಚ್ಚಿತ್ತು. ಹಚ್ಚಿದವಳು ನಾನೇ. ಒಳ್ಳೆಯ ಕೆಲಸಕ್ಕೆ ಹೊರಟ ಕಾಗದವನ್ನು ಬೋಳಾಗಿ ಕಳಿಸುವುದುಂಟೇ?

ನಮ್ಮವರು ಅದನ್ನೇ ನೋಡುತ್ತಾ ಕೂತರು. “ಅಸಿಂಧು.”

ಡಾಕ್ಟರಿಗೇ ತಡೆಯಲಿಲ್ಲ. “ಶ್ರೀ ಆಗ್ತದೆ, ಕುಂಕುಮ ಆಗುದಿಲ್ವಾ? ಇದು ಯಾವ ನ್ಯಾಯ ಮಾರಾಯ್ರೇ?”

“ಶ್ರೀ ಬರೆದೋರು ಯಾರೂಂತ ನಂಗೊತ್ತಿಲ್ಲ. ಇದು ಯಾರದೂಂತ ಗೊತ್ತು.”

“ನಂದೂಂತ ನಾನು ಹೇಳಿದ್ನೇನ್ರೀ?” ಎಂದೆ ನಾನು, ಬಾಗಿಲಿನಿಂದ.

“ಹೇಳ್ಬೇಕಾಗಿಲ್ಲ ಕಣೇ. ಹೀಗೆ ಒಂದೆಳೆ ಮೇಲಕ್ಕೆ ಎಳೆದು ಇಡೋ ಬೆರಳು ನಂಗೆ ಗೊತ್ತಿಲ್ವಾ?”

ಊರಿನಲ್ಲಿ ಅಸಿಂಧು ಮತಕ್ಕೆ ಕುಲಗೆಟ್ಟ ಮತ ಎನ್ನುತ್ತಿದ್ದರು. ಕುಂಕುಮ ಹಚ್ಚಿಸಿಕೊಂಡು ಕುಲಗೆಟ್ಟದ್ದು ನನ್ನದೊಂದೇ ಇರಬೇಕು! ಕೂಟ ಒಂದು ಮತದಿಂದ ಸೇತುವೆ ದಾಟಿತು.

ನಾನು ಮಾತು ಬಿಟ್ಟೆ. ಅವರು ಕ್ಷಮೆ ಕೇಳಲಿಲ್ಲ. ನಿಯಮ ಸರಿಯಾಗಿಯೇ ಇತ್ತಲ್ಲ! ಮುಂದಿನ ಭಾನುವಾರ ಕಾರಿನ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, “ಏಳೇ, ಸೇತುವೆ ದಾಟೋದು ಕಲಿ,” ಎಂದರು. ಖಾಲಿ ಪಾರ್ಕಿಂಗ್ ಲಾಟಿನಲ್ಲಿ ನಾನು ದೀಪದ ಕಂಬಗಳನ್ನು ಹುಡುಕಿಕೊಂಡು ಹೋಗುತ್ತಿದ್ದೆ. ಹಿಂದಿನ ಸೀಟಿನಲ್ಲಿ ಮಗಳು ಕಣ್ಣು ಮುಚ್ಚಿಕೊಂಡು “ಬ್ರೇಕ್, ಅಮ್ಮಾ, ಬ್ರೇಕ್” ಎಂದು ಜಪಿಸುತ್ತಿದ್ದಳು. ಲೋಕದ ತಪ್ಪನ್ನೆಲ್ಲ ಎತ್ತಿ ತೋರಿಸುವ ಈ ಮನುಷ್ಯ ಮಾತ್ರ ನನ್ನ ಒಂದು ತಪ್ಪನ್ನೂ ಆಡಲಿಲ್ಲ. ಲೈಸೆನ್ಸು ಬಂತು!

ಆಮೇಲೆ ತಿಂಗಳು ತಿಂಗಳೂ ನಾನೇ ಸೇತುವೆ ದಾಟಿ ಹೋಗಿಬಂದೆ. ಸಂಜೆ ಮರಳುವ ಹೊತ್ತಿಗೆ ಅವರು ಕೆಲಸ ಮುಗಿಸಿ ಬಂದು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿರುತ್ತಿದ್ದರು. ಯಾರು ಬಂದಿದ್ದರು, ಯಾರ ಪುಳಿಯೋಗರೆ ಚೆನ್ನಾಗಿತ್ತು, ಯಾರಿಗೆ ಯಾರ ಮೇಲೆ ಮುನಿಸು, ಎಲ್ಲ ಬೇಕು. ನಡುವಿನಿಂದ ಶುರುಮಾಡಿದರೆ, “ಮೊದಲಿಂದ ಹೇಳು,” ಎನ್ನುತ್ತಿದ್ದರು.

ಹೋದ ಚಳಿಗಾಲ ಅವರು ತೀರಿಕೊಂಡರು. ಕೂಟಕ್ಕೆ ಈಗಲೂ ಹೋಗುತ್ತೇನೆ. ಮನೆಗೆ ಬಂದ ಮೇಲೆ ಹೇಳಿಸಿಕೊಳ್ಳುವವರಿಲ್ಲ.